ಸಾಸೇಜ್ ತೋರಿಸಿ ಪ್ರಧಾನಿಯನ್ನು ಹೆದರಿಸಿದ ಡಾಕ್ಟರ್: ಈ ಕತೆ ನಿಜವೇ? ರುಡಾಲ್ಫ್ ವಿರ್ಚೋ ಬದುಕಿನಲ್ಲಿ ನಡೆದದ್ದೇನು?

ಇಂಟರ್ನೆಟ್‌ನಲ್ಲಿ ವರ್ಷಗಳಿಂದ ಸುತ್ತುತ್ತಿರುವ ಕತೆಯೊಂದಿದೆ. ಜರ್ಮನಿಯ ಉಕ್ಕಿನ ಮನುಷ್ಯ ಬಿಸ್ಮಾರ್ಕ್‌ಗೆ ಒಬ್ಬ ಡಾಕ್ಟರ್ ಮೇಲೆ ವಿಪರೀತ ಸಿಟ್ಟು. ಒಂದು ದಿನ ದ್ವಂದ್ವಯುದ್ಧಕ್ಕೆ ಕರೆದರಂತೆ. ಆಯುಧ ಆರಿಸುವ ಹಕ್ಕು ಡಾಕ್ಟರದ್ದು. ಡಾಕ್ಟರ್ ಎರಡು ಸಾಸೇಜ್ ತಂದು ಮೇಜಿನ ಮೇಲಿಟ್ಟರಂತೆ. ನೋಡಲು ಎರಡೂ ಒಂದೇ ಥರ. ಒಂದರಲ್ಲಿ ಮಾತ್ರ ಪ್ರಾಣ ತೆಗೆಯುವ ಹುಳುಗಳಿವೆ. ನೀವೊಂದು ತಿನ್ನಿ, ಉಳಿದದ್ದು ನಾನು ತಿನ್ನುತ್ತೇನೆ ಎಂದರಂತೆ ಡಾಕ್ಟರ್. ಬಿಸ್ಮಾರ್ಕ್ ಬೆವರಿ ಹಿಂದೆ ಸರಿದರಂತೆ.

ಓದಿದ ಕೂಡಲೇ ನಾಲ್ಕು ಗ್ರೂಪಿಗೆ ಕಳಿಸಬೇಕೆನಿಸುವ ಕತೆ. ಅಧಿಕಾರದ ಸೊಕ್ಕಿಗೆ ಬುದ್ಧಿಯ ಏಟು ಯಾರಿಗೆ ಇಷ್ಟವಾಗುವುದಿಲ್ಲ? ಆದರೆ ಕಳಿಸುವ ಮುನ್ನ ಸ್ವಲ್ಪ ತಾಳಿ. ಈ ಡಾಕ್ಟರ್ ನಿಜ. ಬಿಸ್ಮಾರ್ಕ್ ಜೊತೆಗಿನ ಜಗಳವೂ ನಿಜ. ಸಾಸೇಜ್ ಮಾತ್ರ ಕಟ್ಟುಕತೆ.

ಆ ಡಾಕ್ಟರ್ ಹೆಸರು ರುಡಾಲ್ಫ್ ವಿರ್ಚೋ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಹೆಸರು ನೆನಪಿರಬಹುದು. ಪ್ರತಿ ಜೀವಕೋಶವೂ ಇನ್ನೊಂದು ಜೀವಕೋಶದಿಂದಲೇ ಹುಟ್ಟುತ್ತದೆ ಎಂಬ ಸಾಲಿನ ಪಕ್ಕದಲ್ಲಿ ಪಠ್ಯಪುಸ್ತಕ ಕೊಡುವ ಹೆಸರು ಅವರದೇ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಈ ಮನುಷ್ಯ ಹೆಣ ಕೊಯ್ದು ರೋಗ ಹುಡುಕಿದ್ದಾರೆ, ಊರಿಗೆ ಒಳಚರಂಡಿ ಹಾಕಿಸಿದ್ದಾರೆ, ಸಂಸತ್ತಿನಲ್ಲಿ ಕೂತು ಬಜೆಟ್ ಲೆಕ್ಕ ಕೇಳಿದ್ದಾರೆ, 67 ಲಕ್ಷ ಮಕ್ಕಳ ಕೂದಲಿನ ಬಣ್ಣ ಎಣಿಸಿದ್ದಾರೆ, ಟ್ರಾಯ್ ನಗರದ ಅವಶೇಷಗಳ ನಡುವೆ ಓಡಾಡಿದ್ದಾರೆ. ಜೊತೆಗೆ ಕೆಲವು ಕಡೆ ದೊಡ್ಡದಾಗಿಯೇ ಎಡವಿದ್ದಾರೆ. ಆ ಬದುಕನ್ನು ಒಮ್ಮೆ ನೋಡೋಣ ಬನ್ನಿ.

ಮೊದಲು ಜಗಳದ ಕತೆ ಮುಗಿಸೋಣ

1865ರ ಬೇಸಿಗೆ. ವಿರ್ಚೋ ಆಗ ಪ್ರಷ್ಯ ದೇಶದ ಕೆಳಮನೆಯ ಸದಸ್ಯ. ಬಿಸ್ಮಾರ್ಕ್ ಅಲ್ಲಿನ ಪ್ರಧಾನಿ. ನೌಕಾಪಡೆಯ ಖರ್ಚಿನ ಮೇಲೆ ಚರ್ಚೆ ನಡೆಯುವಾಗ ಬಿಸ್ಮಾರ್ಕ್ ಹೇಳುತ್ತಿರುವುದು ಸತ್ಯವೇ ಎಂದು ವಿರ್ಚೋ ತುಂಬಿದ ಸದನದಲ್ಲಿ ಅನುಮಾನ ವ್ಯಕ್ತಪಡಿಸಿದರು. ಇದು ತಮ್ಮ ಮರ್ಯಾದೆಯ ಪ್ರಶ್ನೆ ಎಂದು ಬಿಸ್ಮಾರ್ಕ್ ದ್ವಂದ್ವಯುದ್ಧಕ್ಕೆ ಕರೆದರು. ವಿರ್ಚೋ ಒಪ್ಪಲಿಲ್ಲ. ಸದನದಲ್ಲಿ ಎದ್ದ ಪ್ರಶ್ನೆಗೆ ಉತ್ತರ ಸದನದಲ್ಲೇ ಸಿಗಬೇಕು, ಪಿಸ್ತೂಲಿನಿಂದಲ್ಲ ಎಂಬುದು ಅವರ ನಿಲುವು. ವಿಷಯ ಅಲ್ಲಿಗೇ ಮುಗಿಯಿತು. ಸಾಸೇಜ್ ಪ್ರಸಂಗ ಆಗ ನಡೆದಿತ್ತು ಎನ್ನುವುದಕ್ಕೆ ಆ ಕಾಲದ ಯಾವ ಆಧಾರವೂ ಸಿಕ್ಕಿಲ್ಲ. ಅದು ಆಮೇಲೆ ಹುಟ್ಟಿಕೊಂಡ ಕತೆ.

ಹಾಗಾದರೆ ಜನ ಇದನ್ನು ನಂಬಿದ್ದು ಏಕೆ? ಕತೆಯೊಳಗೆ ಒಂದು ಚೂರು ನಿಜ ಇರುವುದರಿಂದ. ಅರೆಬೆಂದ ಹಂದಿ ಮಾಂಸದಲ್ಲಿ ಟ್ರೈಕಿನೆಲ್ಲ ಎಂಬ ಹುಳು ಇರಬಹುದು. ತಿಂದವರ ಕರುಳಿನಲ್ಲಿ ಅದು ಮರಿ ಹಾಕುತ್ತದೆ, ಆ ಮರಿಗಳು ರಕ್ತದಲ್ಲಿ ಸಾಗಿ ಸ್ನಾಯುಗಳಲ್ಲಿ ಗೂಡು ಕಟ್ಟುತ್ತವೆ. ಜ್ವರ, ಮೈಕೈ ನೋವು, ಕೆಲವೊಮ್ಮೆ ಸಾವು. 1860ರ ಸುಮಾರಿಗೆ ಈ ಹುಳುವಿನ ಜೀವನಚಕ್ರವನ್ನು ಬಿಡಿಸಿದ ಮೂರ್ನಾಲ್ಕು ಜರ್ಮನ್ ವಿಜ್ಞಾನಿಗಳಲ್ಲಿ ವಿರ್ಚೋ ಒಬ್ಬರು. ಮಾಂಸವನ್ನು ಮಾರುವ ಮುನ್ನ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು ಎಂದು ಅವರು ವರ್ಷಗಟ್ಟಲೆ ಹೋರಾಡಿದರು, ಕೊನೆಗೆ ಅದು ಕಾನೂನೂ ಆಯಿತು. ಜಗಳ ನಿಜ, ಹುಳು ನಿಜ. ಯಾರೋ ಎರಡನ್ನೂ ಸೇರಿಸಿ ಹೊಲಿದಿದ್ದಾರೆ. ಅಪ್ಪಟ ಸುಳ್ಳಿಗಿಂತ ಇಂಥ ಹೊಲಿಗೆ ಹಾಕಿದ ಸುಳ್ಳು ಹೆಚ್ಚು ದೂರ ಹೋಗುತ್ತದೆ.

ಹಳ್ಳಿಗಾಡಿನ ಹುಡುಗ, ಸರ್ಕಾರಿ ಖರ್ಚಿನಲ್ಲಿ ಡಾಕ್ಟರ್

ವಿರ್ಚೋ ಹುಟ್ಟಿದ್ದು 1821ರ ಅಕ್ಟೋಬರ್ 13ರಂದು, ಪ್ರಷ್ಯದ ಪೊಮೆರೇನಿಯ ಪ್ರಾಂತ್ಯದ ಒಂದು ಸಣ್ಣ ಪಟ್ಟಣದಲ್ಲಿ. ಆ ಊರು ಈಗ ಪೋಲೆಂಡ್‌ನಲ್ಲಿದೆ. ತಂದೆ ಬೇಸಾಯಗಾರ, ಜೊತೆಗೆ ಪಟ್ಟಣದ ಖಜಾಂಚಿ. ಒಬ್ಬನೇ ಮಗ. ಮನೆಯಲ್ಲಿ ದುಡ್ಡು ಹೆಚ್ಚಿರಲಿಲ್ಲ. 1839ರಲ್ಲಿ ಬರ್ಲಿನ್‌ನ ಸೇನಾ ವೈದ್ಯಕೀಯ ಶಾಲೆಯಲ್ಲಿ ಸೀಟು ಸಿಕ್ಕಿತು. ಬಡ ಕುಟುಂಬದ ಜಾಣ ಹುಡುಗರಿಗೆ ಸರ್ಕಾರದ ಖರ್ಚಿನಲ್ಲೇ ಓದು, ಬದಲಿಗೆ ಸೇನೆಯಲ್ಲಿ ಸೇವೆ. 1843ರಲ್ಲಿ ಓದು ಮುಗಿಸಿ ಬರ್ಲಿನ್‌ನ ಶಾರಿಟೆ ಆಸ್ಪತ್ರೆಯ ಶವಪರೀಕ್ಷೆ ವಿಭಾಗಕ್ಕೆ ಸೇರಿದರು.

ಆ ಕೋಣೆಯಲ್ಲಿ ಈ ಹುಡುಗ ಮಾಡಿದ ಕೆಲಸದ ಫಲ ಇವತ್ತಿಗೂ ನಮ್ಮ ಆಸ್ಪತ್ರೆಗಳಲ್ಲಿದೆ. 1845ರಲ್ಲಿ ಒಬ್ಬ ರೋಗಿಯ ರಕ್ತದಲ್ಲಿ ಬಿಳಿ ಕಣಗಳು ಮಿತಿಮೀರಿರುವುದನ್ನು ಕಂಡರು. ಅದನ್ನು ಕೀವು ಎಂದು ತಳ್ಳಿಹಾಕದೆ, ಇದು ಬೇರೆಯೇ ಒಂದು ರೋಗ ಎಂದರು. ಸ್ಕಾಟ್ಲೆಂಡ್‌ನ ಬೆನೆಟ್ ಎಂಬ ವೈದ್ಯರೂ ಅದೇ ವರ್ಷ ಇಂಥದ್ದೇ ರೋಗಿಯ ಬಗ್ಗೆ ಬರೆದಿದ್ದರು. ಈ ರೋಗಕ್ಕೆ ಲ್ಯುಕೇಮಿಯ ಎಂದು ಹೆಸರಿಟ್ಟವರು ವಿರ್ಚೋ. ಗ್ರೀಕ್‌ನಲ್ಲಿ ಅದರರ್ಥ ಬಿಳಿ ರಕ್ತ.

ಇನ್ನೊಂದು ಕೆಲಸ ಹೆಪ್ಪುಗಟ್ಟಿದ ರಕ್ತದ್ದು. ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪು ಅಲ್ಲೇ ಹುಟ್ಟಿದ್ದು ಎಂದು ಆಗ ನಂಬಿದ್ದರು. ಅದು ಎಷ್ಟೋ ಸಲ ಕಾಲಿನ ರಕ್ತನಾಳದಲ್ಲಿ ಹುಟ್ಟಿ, ಕಿತ್ತುಕೊಂಡು, ಹರಿದು ಬಂದಿರುತ್ತದೆ ಎಂದು ವಿರ್ಚೋ ಪ್ರಯೋಗ ಮಾಡಿ ತೋರಿಸಿದರು. ದೊಡ್ಡ ಆಪರೇಷನ್ ಆದ ಮೇಲೆ ಬೇಗ ಎದ್ದು ನಡೆದಾಡಿ ಎಂದು ನರ್ಸ್ ಒತ್ತಾಯ ಮಾಡುತ್ತಾರಲ್ಲ, ಅದಕ್ಕೆ ಈ ಹರಿದು ಬರುವ ಹೆಪ್ಪಿನ ಭಯವೂ ಒಂದು ಕಾರಣ.

ಮೂರು ವಾರ, ಒಂದು ವರದಿ

1847ರ ಕೊನೆಗೆ ಅಪ್ಪರ್ ಸೈಲೇಶಿಯದಲ್ಲಿ ಟೈಫಸ್ ಹಬ್ಬಿತು. ಅದು ಪ್ರಷ್ಯದ ಆಗ್ನೇಯ ಮೂಲೆಯ ಬಡ ಸೀಮೆ. ಜನರ ಮಾತು ಪೋಲಿಷ್, ಆಳುವವರದ್ದು ಜರ್ಮನ್. ಪತ್ರಿಕೆಗಳಲ್ಲಿ ಗಲಾಟೆ ಎದ್ದಮೇಲೆ ಸರ್ಕಾರ ಬರ್ಲಿನ್‌ನಿಂದ ಡಾಕ್ಟರ್‌ಗಳನ್ನು ಕಳಿಸಿತು. ಅವರಲ್ಲಿ 26 ವರ್ಷದ ವಿರ್ಚೋ ಒಬ್ಬರು. 1848ರ ಫೆಬ್ರವರಿ 20ರಿಂದ ಸುಮಾರು ಮೂರು ವಾರ ಅವರು ಅಲ್ಲಿ ಮನೆಮನೆ ಸುತ್ತಿದರು.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡುತ್ತೇವೆ. ಟೈಫಸ್ ಬೇರೆ, ನಮ್ಮಲ್ಲಿ ಸಾಮಾನ್ಯವಾದ ಟೈಫಾಯ್ಡ್ ಬೇರೆ. ಟೈಫಾಯ್ಡ್ ಬರುವುದು ಕೊಳಕು ನೀರು ಮತ್ತು ಆಹಾರದಿಂದ. ಸಾಂಕ್ರಾಮಿಕವಾಗಿ ಹಬ್ಬುವ ಈ ಟೈಫಸ್ ಬರುವುದು ಬಟ್ಟೆಯಲ್ಲಿ ವಾಸಿಸುವ ಹೇನಿನಿಂದ. ಹೇನಿನ ಪಾತ್ರ ಗೊತ್ತಾಗಿದ್ದು 1909ರಲ್ಲಿ. ವಿರ್ಚೋಗೆ ಅದು ತಿಳಿದಿರುವ ಸಾಧ್ಯತೆಯೇ ಇರಲಿಲ್ಲ.

ಆದರೂ ಅವರು ಕಂಡದ್ದನ್ನೆಲ್ಲ ಬರೆದುಕೊಂಡರು. ಒಂದೇ ಕೋಣೆಯ ಮನೆ, ಅದರಲ್ಲಿ ಇಡೀ ಸಂಸಾರ. ಆಲೂಗೆಡ್ಡೆಯೇ ಊಟ, ಅದರ ಬೆಳೆಯೂ ಕೈಕೊಟ್ಟಿತ್ತು. ಭೂಮಿ ಜಮೀನ್ದಾರರದ್ದು, ಗಣಿ ದೊಡ್ಡವರದ್ದು. ಶಾಲೆಯ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು. ಕ್ಷಾಮ ಬಂದಾಗ ಅಧಿಕಾರಿಗಳು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಹೆಣಗಳು ಬಿದ್ದಿದ್ದವು.

ಸರ್ಕಾರ ನಿರೀಕ್ಷಿಸಿದ್ದು ಔಷಧಿಯ ಪಟ್ಟಿ. ವಿರ್ಚೋ ಕೊಟ್ಟ ಉದ್ದನೆಯ ವರದಿಯಲ್ಲಿ ಇದ್ದದ್ದೇ ಬೇರೆ. ಜನರಿಗೆ ತಮ್ಮನ್ನು ತಾವು ಆಳಿಕೊಳ್ಳುವ ಹಕ್ಕು ಕೊಡಿ, ಅವರ ಭಾಷೆಯಲ್ಲೇ ಶಿಕ್ಷಣ ಕೊಡಿ, ರಸ್ತೆ ಮಾಡಿ, ಬೇಸಾಯ ಸುಧಾರಿಸಿ, ತೆರಿಗೆಯ ಭಾರವನ್ನು ಬಡವರಿಂದ ಉಳ್ಳವರ ಕಡೆಗೆ ಸರಿಸಿ ಎಂದು ಬರೆದಿದ್ದರು. ಜನ ಸೋಮಾರಿಗಳು, ಕುಡುಕರು, ಅದಕ್ಕೇ ಈ ಗತಿ ಎಂಬ ಮಾತು ಆಗಲೂ ಇತ್ತು. ಜನರ ಕೊಳಕು ಮತ್ತು ಆಲಸ್ಯವನ್ನು ವಿರ್ಚೋ ಕೂಡ ಕಟುವಾಗಿಯೇ ಬಣ್ಣಿಸಿದ್ದರು. ಆದರೆ ಜನರನ್ನು ಆ ಸ್ಥಿತಿಗೆ ತಂದವರು ಯಾರು ಎಂದು ಕೇಳಿ, ಸರ್ಕಾರದ ಕಡೆಗೂ ಬೆರಳು ತೋರಿಸಿದರು.

ಹೇನಿನ ವಿಷಯ ತಿಳಿದ ನಾವು ಈಗ ಆ ವರದಿಯನ್ನು ನೋಡಿದರೆ ಏನನ್ನಿಸುತ್ತದೆ? ಉಟ್ಟ ಬಟ್ಟೆ ಬಿಟ್ಟರೆ ಇನ್ನೊಂದಿಲ್ಲ, ಒಗೆಯಲು ಬಿಸಿನೀರಿಗೆ ಸೌದೆಯಿಲ್ಲ, ಚಳಿಗೆ ಎಲ್ಲರೂ ಒತ್ತೊತ್ತಾಗಿ ಮಲಗಬೇಕು. ಹೇನು ಬೆಳೆಯುವುದು ಅಲ್ಲೇ. ಹರಡುವ ದಾರಿ ಅವರಿಗೆ ಗೊತ್ತಿರಲಿಲ್ಲ. ಆದರೆ ಯಾರಿಗೆ ಬರುತ್ತದೆ, ಏಕೆ ಅವರಿಗೇ ಬರುತ್ತದೆ ಎಂಬುದನ್ನು ಸರಿಯಾಗಿ ಹಿಡಿದಿದ್ದರು. ವೈದ್ಯಶಾಸ್ತ್ರವೂ ಒಂದು ಸಮಾಜವಿಜ್ಞಾನ ಎಂಬ ವಿಚಾರ ಇವತ್ತು ವಿಶ್ವವಿದ್ಯಾಲಯಗಳಲ್ಲಿ ಪಾಠವಾಗಿದೆ. ಅದರ ಬೇರು ಹುಡುಕುತ್ತಾ ಹೋದವರು ಈ ಮೂರು ವಾರಗಳ ಹತ್ತಿರ ಬಂದು ನಿಲ್ಲುತ್ತಾರೆ.

ಕೆಲಸ ಹೋಯಿತು, ಜೀವಕೋಶ ಸಿಕ್ಕಿತು

ಸೈಲೇಶಿಯದಿಂದ ಬಂದ ಕೆಲವೇ ದಿನಗಳಲ್ಲಿ ಬರ್ಲಿನ್‌ನಲ್ಲಿ ಕ್ರಾಂತಿ ಶುರುವಾಯಿತು. 1848ರ ಮಾರ್ಚ್ 18ರಂದು ಬೀದಿಗಳಲ್ಲಿ ತಡೆಗೋಡೆ ಎದ್ದವು, ಕಟ್ಟುವವರ ಜೊತೆ ವಿರ್ಚೋ ಕೂಡ ಇದ್ದರು. ಆಮೇಲೆ ಆರೋಗ್ಯ ವ್ಯವಸ್ಥೆಯ ಸುಧಾರಣೆಗೆಂದೇ ಒಂದು ವಾರಪತ್ರಿಕೆ ನಡೆಸಿದರು. ಕ್ರಾಂತಿ ಸೋತಿತು. 1849ರಲ್ಲಿ ಸರ್ಕಾರ ಅವರನ್ನು ಹುದ್ದೆಯಿಂದ ತೆಗೆಯಿತು. ಗೆಳೆಯರ ಒತ್ತಡಕ್ಕೆ ಮಣಿದು ಮತ್ತೆ ತೆಗೆದುಕೊಂಡರೂ ಷರತ್ತುಗಳು ಬಿಗಿಯಾಗಿದ್ದವು. ಅದೇ ವರ್ಷ ಅವರು ಬರ್ಲಿನ್ ಬಿಟ್ಟು ಬವೇರಿಯ ರಾಜ್ಯದ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಹೋದರು.

ಅಲ್ಲಿ ಕಳೆದ ಏಳು ವರ್ಷ ಬರೀ ವಿಜ್ಞಾನ. ದೇಹದ ದ್ರವಗಳ ಸಮತೋಲನ ತಪ್ಪುವುದೇ ರೋಗ ಎಂಬ ಗ್ರೀಕರ ಕಾಲದ ನಂಬಿಕೆಯ ನೆರಳು ಆಗಿನ್ನೂ ಹೋಗಿರಲಿಲ್ಲ. ಆಕಾರವಿಲ್ಲದ ದ್ರವದಿಂದ ಹೊಸ ಜೀವಕೋಶ ತಾನೇ ಮೂಡುತ್ತದೆ ಎಂದೂ ಅನೇಕರು ನಂಬಿದ್ದರು. ಇಲ್ಲ, ಕೋಶದಿಂದಲೇ ಕೋಶ ಎಂದು ವಿರ್ಚೋ 1855ರಲ್ಲಿ ಬರೆದರು. 1856ರಲ್ಲಿ ಬರ್ಲಿನ್ ಅವರನ್ನು ಪ್ರಾಧ್ಯಾಪಕರಾಗಿ ಮರಳಿ ಕರೆಯಿತು, ಹೊಸ ಸಂಸ್ಥೆಯನ್ನೇ ಕಟ್ಟಿಕೊಟ್ಟಿತು. 1858ರಲ್ಲಿ ಅಲ್ಲಿ ಕೊಟ್ಟ 20 ಉಪನ್ಯಾಸಗಳು ಪುಸ್ತಕವಾದವು. ರೋಗವೆಂದರೆ ಎಲ್ಲಿಂದಲೋ ಬಂದು ಮೈಯೊಳಗೆ ಕೂರುವ ಪೀಡೆಯಲ್ಲ, ನಮ್ಮದೇ ಕೋಶಗಳು ದಾರಿ ತಪ್ಪಿದ ಸ್ಥಿತಿ ಎಂಬುದು ಅದರ ಸಾರ. ಇವತ್ತು ಗಂಟು ಕಂಡರೆ ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಆ ಪದ್ಧತಿಯ ಹಿಂದೆ ಇರುವುದು ಇದೇ ವಿಚಾರ.

ಪಠ್ಯಪುಸ್ತಕ ಹೇಳದ ಒಂದು ಸಂಗತಿಯೂ ಇದೆ. ಕೋಶಗಳು ಒಡೆದು ಎರಡಾಗಿಯೇ ಹೊಸ ಕೋಶ ಹುಟ್ಟುತ್ತದೆ ಎಂದು ವಿರ್ಚೋಗಿಂತ ಮೊದಲೇ, 1852ರಲ್ಲಿ, ಬರೆದವರು ರಾಬರ್ಟ್ ರೆಮಾಕ್. ಅವರೂ ಬರ್ಲಿನ್‌ನಲ್ಲೇ ಇದ್ದರು. ಯಹೂದಿಯಾಗಿದ್ದ ಅವರಿಗೆ ಪೂರ್ಣ ಪ್ರಾಧ್ಯಾಪಕ ಹುದ್ದೆ ಕೊನೆಗೂ ಸಿಗಲಿಲ್ಲ. ರೆಮಾಕ್‌ಗೆ ಸಲ್ಲಬೇಕಾದ ಶ್ರೇಯಸ್ಸನ್ನು ವಿರ್ಚೋ ಸರಿಯಾಗಿ ಸಲ್ಲಿಸಲಿಲ್ಲ ಎಂಬ ಆರೋಪ ಇವತ್ತಿಗೂ ಇದೆ.

ಚರಂಡಿ ಹಾಕಿಸಿದ ಪ್ರೊಫೆಸರ್

1859ರಲ್ಲಿ ವಿರ್ಚೋ ಬರ್ಲಿನ್ ನಗರಸಭೆಗೆ ಆಯ್ಕೆಯಾದರು. ಸಾಯುವವರೆಗೆ, ಅಂದರೆ 40 ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಸದಸ್ಯರಾಗಿದ್ದರು. ಜಗತ್ತಿಗೆ ಗೊತ್ತಿದ್ದ ವಿಜ್ಞಾನಿ, ವಾರ್ಡಿನ ಕೌನ್ಸಿಲರ್ ಹಾಗೆ ಕಸ, ನೀರು, ಶಾಲೆ, ಆಸ್ಪತ್ರೆಯ ಕಡತ ಹಿಡಿದು ಕೂರುತ್ತಿದ್ದರು.

ಆಗಿನ ಬರ್ಲಿನ್‌ನಲ್ಲಿ ಕೊಳಚೆ ನೀರು ಬೀದಿ ಬದಿಯ ತೆರೆದ ಮೋರಿಯಲ್ಲಿ ಹರಿಯುತ್ತಿತ್ತು. ಒಳಚರಂಡಿ ಬೇಕೇ, ಖರ್ಚು ಎಷ್ಟು, ಕೊಳಚೆಯನ್ನು ಬಿಡುವುದು ಎಲ್ಲಿ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ವಿರ್ಚೋ ಅದರ ಸಮಿತಿಯಲ್ಲಿ ಕೂತು, ಸಾವಿನ ಅಂಕಿಅಂಶ ಮತ್ತು ಅಂತರ್ಜಲದ ಮಟ್ಟದ ಲೆಕ್ಕಗಳನ್ನು ಎದುರಿಗಿಟ್ಟು ವಾದಿಸಿದರು. ಎಂಜಿನಿಯರ್ ಜೇಮ್ಸ್ ಹೋಬ್ರೆಕ್ಟ್ ಅವರ ಯೋಜನೆಯಂತೆ 1873ರಲ್ಲಿ ಕೆಲಸ ಶುರುವಾಯಿತು. ಕೊಳಚೆಯನ್ನು ನದಿಗೆ ಬಿಡದೆ ಪಂಪ್ ಮಾಡಿ ಊರಾಚೆಯ ಹೊಲಗಳಿಗೆ ಹರಿಸಿದರು. ನಗರಸಭೆಯ ಮೊದಲ ದೊಡ್ಡ ಆಸ್ಪತ್ರೆ 1874ರಲ್ಲಿ ತೆರೆಯಿತು, ಅದರ ಹಿಂದೆಯೂ ವಿರ್ಚೋ ಇದ್ದರು.

ಮಕ್ಕಳ ಕಳ್ಳರು ಬಂದರೆಂಬ ವದಂತಿ, 1870ರ ದಶಕದಲ್ಲೂ

ಇದು ನಾವು ನೀವು ಹೆಚ್ಚು ಗಮನಿಸಬೇಕಾದ ಭಾಗ.

1870–71ರಲ್ಲಿ ಫ್ರಾನ್ಸ್‌ಗೂ ಪ್ರಷ್ಯಕ್ಕೂ ಯುದ್ಧವಾಯಿತು. ಸೋತ ಸಿಟ್ಟಿನಲ್ಲಿ ಒಬ್ಬ ಫ್ರೆಂಚ್ ವಿದ್ವಾಂಸ, ಪ್ರಷ್ಯದವರು ನಿಜವಾದ ಜರ್ಮನ್ನರೇ ಅಲ್ಲ, ಬೇರೆ ಜನಾಂಗದವರು ಎಂದು ಬರೆದರು. ಇತ್ತ ಜರ್ಮನಿಯಲ್ಲೇ ನಿಜವಾದ ಜರ್ಮನ್ ಎಂದರೆ ಹೊಂಬಣ್ಣದ ಕೂದಲು, ನೀಲಿ ಕಣ್ಣು ಎಂಬ ಹುಚ್ಚು ಬೆಳೆಯುತ್ತಿತ್ತು. ಮಾತಿಗೆ ಮಾತು ಬೇಡ, ಎಣಿಸೋಣ ಎಂದರು ವಿರ್ಚೋ. ಸಾಮ್ರಾಜ್ಯದ ಶಾಲೆಗಳಿಗೆಲ್ಲ ನಮೂನೆ ಹೋಯಿತು. ಮೇಷ್ಟ್ರುಗಳು ಪ್ರತಿ ಮಗುವಿನ ಕೂದಲು, ಕಣ್ಣು, ಚರ್ಮದ ಬಣ್ಣ ಬರೆದು ಕಳಿಸಬೇಕು. ಒಟ್ಟು 67 ಲಕ್ಷಕ್ಕೂ ಹೆಚ್ಚು ಮಕ್ಕಳ ಲೆಕ್ಕ ಬಂತು. ಕಂಪ್ಯೂಟರ್ ಇಲ್ಲದ ಕಾಲ, ಎಲ್ಲವನ್ನೂ ಕೈಯಲ್ಲೇ ಕೂಡಬೇಕು. ಪೂರ್ತಿ ಫಲಿತಾಂಶ ಪ್ರಕಟವಾಗಿದ್ದು 1886ರಲ್ಲಿ.

ಎಣಿಕೆ ನಡೆಯುವಾಗ ಪೂರ್ವದ ಕೆಲವು ಕಡೆ ಸುದ್ದಿ ಹಬ್ಬಿತು. ಪ್ರಷ್ಯದ ರಾಜ ಇಸ್ಪೀಟಿನಲ್ಲಿ ಟರ್ಕಿಯ ಸುಲ್ತಾನನಿಗೆ 40 ಸಾವಿರ ಹೊಂಬಣ್ಣದ ಕೂದಲಿನ ಮಕ್ಕಳನ್ನು ಸೋತಿದ್ದಾನೆ, ಮುಚ್ಚಿದ ಗಾಡಿಗಳು ಮಕ್ಕಳನ್ನು ಹೊತ್ತೊಯ್ಯಲು ಬರುತ್ತಿವೆ ಎಂದು. ತಾಯಂದಿರು ಗಾಬರಿಯಾಗಿ ಮಕ್ಕಳನ್ನು ಕರೆದೊಯ್ಯಲು ಶಾಲೆಗೆ ಓಡಿದರು. ಮೊಬೈಲ್ ಇರಲಿಲ್ಲ, ವಾಟ್ಸಾಪ್ ಇರಲಿಲ್ಲ, ಆದರೂ ಸುಳ್ಳು ಊರಿಂದ ಊರಿಗೆ ಹೋಯಿತು. ನಗು ಬರುತ್ತದೆಯೇ? 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸಂದೇಶ ನಂಬಿದ ಜನ ನಮ್ಮ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದರು. ಭಯ ಹಳೆಯದು, ಅದನ್ನು ಹೊರುವ ಗಾಡಿ ಮಾತ್ರ ಹೊಸದು.

ಎಣಿಕೆ ಏನು ಹೇಳಿತು? ಹೊಂಬಣ್ಣದ ಕೂದಲು, ನೀಲಿ ಕಣ್ಣು, ಬಿಳಿ ಚರ್ಮ ಮೂರೂ ಇದ್ದ ಮಕ್ಕಳು ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಎಲ್ಲ ಬಣ್ಣವೂ ಬೆರೆತಿತ್ತು. ಯಹೂದಿ ಮಕ್ಕಳಲ್ಲೂ ನೂರಕ್ಕೆ 11 ಮಂದಿ ಹೊಂಬಣ್ಣದವರೇ. ಶುದ್ಧ ಜರ್ಮನ್ ರಕ್ತ ಎಂಬ ಮಾತಿಗೆ ಇದರಿಂದ ಏಟು ಬಿತ್ತು. ಯಹೂದಿ ದ್ವೇಷದ ರಾಜಕಾರಣವನ್ನು ವಿರ್ಚೋ ಸದನದಲ್ಲೂ ಎದುರಿಸಿದರು.

ಆದರೆ ಪೂರ್ತಿ ಚಿತ್ರ ಕೊಡಬೇಕಲ್ಲ? ಈ ಎಣಿಕೆ ಯಹೂದಿ ಮಕ್ಕಳನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿತ್ತು. ತರಗತಿಯ ಎದುರಿಗೇ ಮಕ್ಕಳನ್ನು ಹೀಗೆ ವಿಂಗಡಿಸಿದ್ದರಿಂದ, ಇವರು ಬೇರೆ ಎಂಬ ಭಾವನೆ ಎಳೆಯ ಮನಸ್ಸುಗಳಲ್ಲಿ ಕೂತಿತು ಎಂದು ನಂತರದ ಇತಿಹಾಸಕಾರರು ಟೀಕಿಸಿದ್ದಾರೆ. ಅಂಕಿಅಂಶ ಒಂದು ಹೇಳಿತು, ಎಣಿಸಿದ ರೀತಿ ಇನ್ನೊಂದು ಕಲಿಸಿತು. ಸಂಶೋಧನೆ ಮಾಡುವ ನಮ್ಮಂಥವರು ಪ್ರಶ್ನಾವಳಿ ಬರೆಯುವಾಗ ಮರೆಯಬಾರದ ಪಾಠ ಇದು.

ಟ್ರಾಯ್ ನಗರದಲ್ಲಿ ಡಾಕ್ಟರ್

ವಿರ್ಚೋ ಕುತೂಹಲಕ್ಕೆ ಆಸ್ಪತ್ರೆ ಸಾಲಲಿಲ್ಲ. 1869ರಲ್ಲಿ ಮಾನವಶಾಸ್ತ್ರ ಮತ್ತು ಪ್ರಾಗಿತಿಹಾಸದ ಅಧ್ಯಯನಕ್ಕೆ ಬರ್ಲಿನ್‌ನಲ್ಲಿ ಸಂಘ ಕಟ್ಟಿದರು. 1879ರಲ್ಲಿ ಟರ್ಕಿಯಲ್ಲಿ ಟ್ರಾಯ್ ಹುಡುಕುತ್ತಿದ್ದ ಹೈನ್ರಿಶ್ ಶ್ಲೀಮನ್ ಜೊತೆ ಉತ್ಖನನಕ್ಕೆ ಹೋದರು. ಹೋಮರ್ ಕಾವ್ಯವನ್ನೇ ದಾರಿದೀಪವಾಗಿ ಇಟ್ಟುಕೊಂಡು ಅಗೆಯುತ್ತಿದ್ದ ಶ್ಲೀಮನ್ ಉತ್ಸಾಹಿ ವ್ಯಾಪಾರಿ. ವಿರ್ಚೋ ಮಣ್ಣು, ಮೂಳೆ, ಸುತ್ತಲಿನ ನೆಲವನ್ನು ನೋಡಿ ಬರೆದುಕೊಳ್ಳುವ ವಿಜ್ಞಾನಿ. ಶ್ಲೀಮನ್ ತಮ್ಮ ಟ್ರಾಯ್ ಸಂಗ್ರಹವನ್ನು ಬರ್ಲಿನ್‌ಗೆ ಕೊಡುವಂತೆ ಒಪ್ಪಿಸಿದ್ದೂ ಇವರೇ.

ಅವರು ತಲೆಬುರುಡೆಗಳನ್ನೂ ರಾಶಿ ಹಾಕಿದರು. ಜಗತ್ತಿನ ನಾನಾ ಕಡೆಯಿಂದ, ವಸಾಹತುಗಳಿಂದ ಕೂಡ ಅವು ಬಂದವು. ಸತ್ತವರ ಮನೆಯವರ ಒಪ್ಪಿಗೆ ಆಗ ಯಾರೂ ಕೇಳುತ್ತಿರಲಿಲ್ಲ. ಇಂಥ ಸಂಗ್ರಹಗಳನ್ನು ಏನು ಮಾಡಬೇಕು ಎಂಬ ಪ್ರಶ್ನೆ ಯುರೋಪಿನ ಮ್ಯೂಸಿಯಂಗಳನ್ನು ಇವತ್ತು ಕಾಡುತ್ತಿದೆ.

ದೊಡ್ಡವರು ಎಡವಿದಾಗ

ಇಷ್ಟೆಲ್ಲ ಮಾಡಿದವರು ತಪ್ಪು ಮಾಡಲು ಸಾಧ್ಯವೇ? ಸಾಧ್ಯ. ಹೆಸರು ದೊಡ್ಡದಾದಷ್ಟೂ ತಪ್ಪಿನ ಬೆಲೆ ದೊಡ್ಡದು.

ವಿಯೆನ್ನದಲ್ಲಿ 1847ರಲ್ಲಿ ಸೆಮ್ಮಲ್‌ವೈಸ್ ಎಂಬ ವೈದ್ಯರು ಹೆರಿಗೆ ವಾರ್ಡಿನ ಡಾಕ್ಟರ್‌ಗಳಿಂದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಸಿದರು. ನೂರರಲ್ಲಿ ಹತ್ತು ಬಾಣಂತಿಯರು ಸಾಯುತ್ತಿದ್ದ ವಾರ್ಡಿನಲ್ಲಿ ಸಾವು ಒಂದೆರಡಕ್ಕೆ ಇಳಿಯಿತು. ಅವರೂ ಎಣಿಸಿಯೇ ತೋರಿಸಿದ್ದರು, ವಿರ್ಚೋ ಮೆಚ್ಚಬೇಕಾದ ದಾರಿ ಅದು. ಆದರೆ ವಿರ್ಚೋ ಒಪ್ಪಲಿಲ್ಲ. ಬಾಣಂತಿ ಜ್ವರಕ್ಕೆ ಕಾರಣ ಬೇರೆ ಬೇರೆ ಎಂದೇ ಹೇಳಿದರು. ಅವರ ಮಾತಿಗಿದ್ದ ತೂಕದಿಂದ ಸೆಮ್ಮಲ್‌ವೈಸ್ ಅವರನ್ನು ತಳ್ಳಿಹಾಕುವುದು ಉಳಿದವರಿಗೆ ಸುಲಭವಾಯಿತು. ಸೆಮ್ಮಲ್‌ವೈಸ್ 1865ರಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. ತೊಳೆಯದ ಕೈಗಳಿಂದ ಆಮೇಲೂ ತಾಯಂದಿರು ಸತ್ತರು.

1856ರಲ್ಲಿ ಜರ್ಮನಿಯ ನಿಯಾಂಡರ್ ಕಣಿವೆಯಲ್ಲಿ ವಿಚಿತ್ರ ತಲೆಬುರುಡೆ ಸಿಕ್ಕಿತು. ಇದು ಪ್ರಾಚೀನ ಮಾನವನದ್ದು ಎಂದು ಕೆಲವರು ಹೇಳಿದರು. 1872ರಲ್ಲಿ ಅದನ್ನು ಪರೀಕ್ಷಿಸಿದ ವಿರ್ಚೋ, ರಿಕೆಟ್ಸ್ ಮತ್ತು ಸಂಧಿವಾತದಿಂದ ಮೂಳೆ ಡೊಂಕಾದ ಈಚಿನ ಮನುಷ್ಯನದ್ದು ಎಂದು ತೀರ್ಪು ಕೊಟ್ಟರು. 1886ರಲ್ಲಿ ಬೆಲ್ಜಿಯಂನಲ್ಲಿ ಅಂಥವೇ ಇನ್ನೆರಡು ಅಸ್ಥಿಪಂಜರ ಸಿಕ್ಕವು. ಒಬ್ಬನಿಗೆ ಕಾಯಿಲೆ ಇರಬಹುದು, ಸಿಕ್ಕಿದವರಿಗೆಲ್ಲ ಅದೇ ಕಾಯಿಲೆ ಇರುತ್ತದೆಯೇ?

1882ರಲ್ಲಿ ಬರ್ಲಿನ್‌ನಲ್ಲೇ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯ ತೋರಿಸಿದಾಗಲೂ ವಿರ್ಚೋ ಅನುಮಾನಿಸಿದರು. ಬಡತನ ಕಾರಣ ಎಂದು ಸೈಲೇಶಿಯದಲ್ಲಿ ಕಂಡವರಿಗೆ ರೋಗಾಣುವೂ ಕಾರಣ ಎಂದು ಒಪ್ಪಿಕೊಳ್ಳುವುದು ಕಷ್ಟವಾಯಿತು. ಎರಡೂ ಒಟ್ಟಿಗೆ ನಿಜ ಎಂಬುದು ನಮಗೆ ಈಗ ಗೊತ್ತು. ಕ್ಷಯ ತರುವುದು ಬ್ಯಾಕ್ಟೀರಿಯ. ಊಟವಿಲ್ಲದ ದೇಹ, ಗಾಳಿಯಿಲ್ಲದ ಮನೆ ಅದಕ್ಕೆ ಬಾಗಿಲು ತೆರೆಯುತ್ತವೆ.

ಇನ್ನೊಂದು ಪ್ರಸಂಗ ಇವತ್ತಿನ ರೋಗಿಗಳಿಗೂ ಉಪಯೋಗ. 1887ರಲ್ಲಿ ಜರ್ಮನಿಯ ಯುವರಾಜ ಫ್ರೆಡರಿಕ್ ಅವರ ಗಂಟಲಿನಿಂದ ತೆಗೆದ ಚೂರುಗಳು ವಿರ್ಚೋ ಬಳಿ ಬಂದವು. ಆ ಚೂರುಗಳಲ್ಲಿ ಕ್ಯಾನ್ಸರ್ ಕಾಣಲಿಲ್ಲ, ಹಾಗೆಂದೇ ಬರೆದರು. ಮರುವರ್ಷ ಚಕ್ರವರ್ತಿಯಾದ ಫ್ರೆಡರಿಕ್ 99 ದಿನ ಆಳಿ ಗಂಟಲಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಬಯಾಪ್ಸಿ ಹೇಳುವುದು ತೆಗೆದ ಚೂರಿನ ಬಗ್ಗೆ. ರೋಗ ಪಕ್ಕದಲ್ಲಿದ್ದರೆ ವರದಿ ನಾರ್ಮಲ್ ಎಂದೇ ಬರಬಹುದು. ತೊಂದರೆ ಮುಂದುವರಿದರೆ ಡಾಕ್ಟರ್ ಮತ್ತೊಮ್ಮೆ ಪರೀಕ್ಷೆ ಕೇಳುವುದು ಇದಕ್ಕೇ. ಪ್ರತಿ ಸಲವೂ ಅದು ದುಡ್ಡಿನ ಆಸೆಯಲ್ಲ.

ಕೊನೆಯ ದಿನಗಳು

ಎಂಬತ್ತು ದಾಟಿದ ಮೇಲೂ ವಿರ್ಚೋ ಕೆಲಸ ಬಿಟ್ಟಿರಲಿಲ್ಲ. 1902ರ ಜನವರಿಯಲ್ಲಿ ಒಂದು ಸಭೆಗೆ ಹೊರಟವರು ಬರ್ಲಿನ್‌ನ ಬೀದಿಯಲ್ಲಿ ಚಲಿಸುತ್ತಿದ್ದ ಟ್ರಾಮ್‌ನಿಂದ ಇಳಿಯಲು ಹೋಗಿ ಬಿದ್ದರು. ತೊಡೆಯ ಮೂಳೆ ಮುರಿಯಿತು. ಮತ್ತೆ ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಸೆಪ್ಟೆಂಬರ್ 5ರಂದು ತೀರಿಕೊಂಡರು. ಕಾಲು ಶತಮಾನದ ಹಿಂದೆ ಅವರ ಸಮಿತಿ ಹಾಕಿಸಿದ ಒಳಚರಂಡಿ ಆ ನಗರದ ಕೆಳಗೆ ಹರಿಯುತ್ತಿತ್ತು.

ಹಾಗಾದರೆ ಯಾವುದನ್ನು ಫಾರ್ವರ್ಡ್ ಮಾಡುವುದು?

ಬಿಸ್ಮಾರ್ಕ್ ದ್ವಂದ್ವಯುದ್ಧಕ್ಕೆ ಕರೆದದ್ದು: ನಿಜ.

ವಿರ್ಚೋ ಹುಳು ಹಿಡಿದ ಸಾಸೇಜ್ ಮುಂದಿಟ್ಟದ್ದು: ಆಧಾರವಿಲ್ಲ.

ಜೀವಕೋಶದಿಂದ ಜೀವಕೋಶ ಎಂದು ಮೊದಲು ಕಂಡವರು ವಿರ್ಚೋ ಒಬ್ಬರೇ: ತಪ್ಪು, ರೆಮಾಕ್ ಮೊದಲೇ ಬರೆದಿದ್ದರು.

ದೊಡ್ಡ ವಿಜ್ಞಾನಿ ಹೇಳಿದ್ದೆಲ್ಲ ಸರಿ: ಖಂಡಿತ ಅಲ್ಲ.

ಈ ಬದುಕನ್ನು ಓದುತ್ತಾ ನಮಗೆ ಕಂಡ ಒಂದು ವಿಷಯ ಹೇಳಿ ಮುಗಿಸುತ್ತೇವೆ. ಸೈಲೇಶಿಯದಲ್ಲಿ ಮನೆಮನೆಗೆ ಹೋಗಿ ನೋಡಿದಾಗ, ಶಾಲೆಗಳಲ್ಲಿ ಎಣಿಸಿದಾಗ, ಚರಂಡಿಗೆ ಲೆಕ್ಕ ಹಾಕಿದಾಗ ವಿರ್ಚೋ ಹೇಳಿದ್ದು ಬಹುಮಟ್ಟಿಗೆ ನಿಂತಿತು. ತನಗೆ ಮೊದಲೇ ಗೊತ್ತು ಎಂದು ಇನ್ನೊಬ್ಬರ ಎಣಿಕೆಯನ್ನು ಬದಿಗಿಟ್ಟಾಗ ಎಡವಿದರು. ಮನುಷ್ಯ ಅದೇ, ಹೆಸರು ಅದೇ.

ಪ್ರಸಿದ್ಧ ವೈದ್ಯರು ಹೇಳಿದ್ದಾರೆ ಎಂದು ಶುರುವಾಗುವ ಸಂದೇಶ ನಾಳೆ ನಿಮ್ಮ ಮನೆ ಗ್ರೂಪಿಗೂ ಬರಬಹುದು. ಆಗ ಹೆಸರು ಎಷ್ಟು ದೊಡ್ಡದು ಎಂದು ನೋಡಬೇಡಿ. ಯಾರು ಹೋಗಿ ನೋಡಿದರು, ಎಷ್ಟು ಜನರನ್ನು ನೋಡಿದರು, ಬೇರೆಯವರು ನೋಡಿದಾಗಲೂ ಅದೇ ಕಂಡಿತೇ ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಸಂದೇಶ ನಿಮ್ಮ ಫೋನಿನಲ್ಲೇ ಇರಲಿ. ಸಾಸೇಜ್ ಕತೆ ಕಳಿಸಿದ ಗೆಳೆಯರಿದ್ದರೆ, ಬೈಯಬೇಡಿ. ಈ ಲೇಖನ ಕಳಿಸಿ.